ಇಳಿಜಾರಿನಲ್ಲಿ ನಿಲ್ಲಿಸಿದ ಕಾರಿನ ಇಗ್ನಿಷನ್ ಕೀ ತಿರುಗುತ್ತಿಲ್ಲ: ಬಲ ಹಾಕುವ ಮೊದಲು ಏನೇನು ನೋಡಬೇಕು?

ಪ್ರಶ್ನೆ – ಮೂಡಿಗೆರೆ ತಾಲ್ಲೂಕಿನಿಂದ

ನಮ್ಮ ಮನೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರಿಗೆ ಹತ್ತು ವರ್ಷ ದಾಟಿದೆ. ಮ್ಯಾನ್ಯುಯಲ್ ಗೇರಿನ ಕಾರು; ಸ್ಟಾರ್ಟ್ ಮಾಡಲು ಗುಂಡಿಯಿಲ್ಲ, ಕೀಯನ್ನೇ ತಿರುಗಿಸಬೇಕು. ನಿನ್ನೆ ಸಂಜೆ ತೋಟದ ಮನೆಯ ಎದುರಿನ ಇಳಿಜಾರಿನಲ್ಲಿ, ಮುಂದಿನ ಚಕ್ರವನ್ನು ಬಲಕ್ಕೆ ಪೂರ್ತಿ ತಿರುಗಿಸಿ, ಅಂಚಿನ ಕಲ್ಲಿಗೆ ಆನಿಸಿ ನಿಲ್ಲಿಸಿದ್ದೆ. ಇಂದು ಬೆಳಿಗ್ಗೆ ಕೀ ಹಾಕಿದರೆ ಅದು ಪೂರ್ತಿಯಾಗಿ ಒಳಗೆ ಹೋಗುತ್ತದೆ, ಆದರೆ ‘ಲಾಕ್’ ಗುರುತಿನಿಂದ ಒಂದಿಷ್ಟೂ ಕದಲುವುದಿಲ್ಲ. ಸ್ಟಿಯರಿಂಗ್ ಚಕ್ರವೂ ಬಿಗಿದುಕೊಂಡಿದೆ. ಕಳೆದ ಮಳೆಗಾಲದಿಂದ ಈಚೆಗೆ ಕೀಯನ್ನು ಸ್ವಲ್ಪ ಅಲುಗಾಡಿಸಿದ ಮೇಲೆಯೇ ತಿರುಗುತ್ತಿತ್ತು ಎಂಬುದನ್ನೂ ಹೇಳಬೇಕು. ತೋಟದಲ್ಲಿ ಕೆಲಸ ಮಾಡುವವರೊಬ್ಬರು ಇಕ್ಕಳದಿಂದ ಹಿಡಿದು ತಿರುಗಿಸಿ ನೋಡೋಣ ಎಂದರು. ನಾನು ಬೇಡ ಎಂದು ತಡೆದಿದ್ದೇನೆ. ಕಾರನ್ನು ಎಳೆಸಿಕೊಂಡು ಚಿಕ್ಕಮಗಳೂರಿಗೆ ಒಯ್ಯುವ ಮೊದಲು ನಾವೇ ಪರೀಕ್ಷಿಸಬಹುದಾದದ್ದು ಏನಾದರೂ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ – ಹಾಸನದಿಂದ

ಇಕ್ಕಳವನ್ನು ತಡೆದದ್ದು ಬಹಳ ಒಳ್ಳೆಯದಾಯಿತು. ಕೀಯ ಮೇಲೆ ಅಷ್ಟು ಬಲ ಬಿದ್ದರೆ ಅದು ಅತ್ಯಂತ ಆಳವಾಗಿ ಕತ್ತರಿಸಿದ ಹಲ್ಲಿನ ಬುಡದಲ್ಲಿ ಮುರಿಯುತ್ತದೆ. ಆ ಜಾಗ ಸಾಮಾನ್ಯವಾಗಿ ರಂಧ್ರದ ಒಳಗೇ ಇರುವುದರಿಂದ, ಅರ್ಧ ಗಂಟೆಯ ಕೆಲಸ ಅರ್ಧ ದಿನದ ಕೆಲಸವಾಗಿ ಬೆಳೆಯುತ್ತದೆ.

ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ಲಕ್ಷಣಗಳು ಬೆರೆತಿವೆ, ಅವನ್ನು ಬಿಡಿಸಿ ನೋಡಬೇಕು. ಮೊದಲನೆಯದು ಸ್ಟಿಯರಿಂಗ್ ಲಾಕ್. ಕೀಯನ್ನು ಹೊರಗೆ ತೆಗೆದಾಗ ಸ್ಪ್ರಿಂಗಿನ ಒತ್ತಡದಿಂದ ಒಂದು ಉಕ್ಕಿನ ಅಗುಳಿ ಮುಂದಕ್ಕೆ ಬಂದು ಸ್ಟಿಯರಿಂಗ್ ದಂಡದ ಕಚ್ಚಿನಲ್ಲಿ ಕೂರುತ್ತದೆ. ಕೀ ತಿರುಗಿಸಿದಾಗ ಅದೇ ಅಗುಳಿ ಹಿಂದಕ್ಕೆ ಸರಿಯಬೇಕು. ಚಕ್ರವನ್ನು ಪೂರ್ತಿ ತಿರುಗಿಸಿ ಕಲ್ಲಿಗೆ ಆನಿಸಿದರೆ ಕಾರಿನ ಭಾರವೂ ಟೈರಿನ ತಿರುಚೂ ಸೇರಿ ಆ ದಂಡವನ್ನು ಒಂದು ಪಕ್ಕಕ್ಕೆ ಒತ್ತುತ್ತಲೇ ಇರುತ್ತವೆ, ಹಾಗಾಗಿ ಅಗುಳಿ ಆ ಕಚ್ಚಿನ ಗೋಡೆಗೆ ಸಿಕ್ಕಿಕೊಳ್ಳುತ್ತದೆ. ಚಿಲಕ ಹಾಕಿದ ಬಾಗಿಲಿಗೆ ಯಾರೋ ಒರಗಿ ನಿಂತಿದ್ದಾಗ ಚಿಲಕ ಸರಿಯದಿರುವಂತೆಯೇ ಇದು. ಒರಗಿದವರು ಈಚೆ ಬಂದರೆ ಬೆರಳಿನಿಂದಲೇ ತೆಗೆಯಬಹುದು. ಮಲೆನಾಡಿನ ಅಂಗಳಗಳಲ್ಲಿ, ಸೀತಾಳಯ್ಯನಗಿರಿಯಂಥ ಓರೆ ಜಾಗಗಳಲ್ಲಿ ಕಾರು ನಿಲ್ಲಿಸಿದವರಿಗೆ ಈ ತೊಂದರೆ ಬಯಲುಸೀಮೆಯವರಿಗಿಂತ ಹೆಚ್ಚಾಗಿ ಕಾಡುತ್ತದೆ.

ಆದ್ದರಿಂದ ಕೀಯನ್ನು ಮುಟ್ಟುವ ಮೊದಲು ಸ್ಟಿಯರಿಂಗ್ ಹಿಡಿದು ಎಡಕ್ಕೂ ಬಲಕ್ಕೂ ನಿಧಾನವಾಗಿ ಒತ್ತಿ ನೋಡಿ. ಒಂದು ಪಕ್ಕಕ್ಕೆ ಅದು ಗೋಡೆಯಂತೆ ನಿಲ್ಲುತ್ತದೆ, ಇನ್ನೊಂದು ಪಕ್ಕಕ್ಕೆ ಸ್ವಲ್ಪ ಬಗ್ಗುತ್ತದೆ. ಬಗ್ಗುವ ಪಕ್ಕಕ್ಕೆ ಗಟ್ಟಿಯಾಗಿ ಎಳೆದು ಹಿಡಿದುಕೊಂಡೇ, ಇನ್ನೊಂದು ಕೈಯ ಎರಡು ಬೆರಳಿನಿಂದ ಕೀಯನ್ನು ತಿರುಗಿಸಿ. ಬಲವೆಲ್ಲ ಸ್ಟಿಯರಿಂಗಿಗೆ ಇರಲಿ, ಕೀಗೆ ಬೆರಳಿನ ಬಲ ಸಾಕು. ಎರಡೂ ಪಕ್ಕ ಕಲ್ಲಿನಂತಿದ್ದರೆ ಮೊದಲು ಚಕ್ರದ ಮೇಲಿನ ಭಾರವನ್ನು ಇಳಿಸಬೇಕಾಗುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ, ಇಳಿಜಾರಿನ ಕಡೆಗೆ ಎರಡು ಚಕ್ರಗಳಿಗೂ ದಪ್ಪ ಕಲ್ಲು ಕೊಡಿ. ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸಡಿಲಿಸಿ, ಇಬ್ಬರು ಮೂವರು ಸೇರಿ ಕಾರನ್ನು ಅಂಚಿನ ಕಲ್ಲಿನಿಂದ ಒಂದು ಗೇಣು ಹಿಂದಕ್ಕೆ ನೂಕಿ, ಮತ್ತೆ ಬ್ರೇಕ್ ಬಿಗಿಯಿರಿ. ಎಂಜಿನ್ ಓಡದಿರುವಾಗ ಬ್ರೇಕಿಗೆ ನಿರ್ವಾತದ ನೆರವು ಇರುವುದಿಲ್ಲ, ಪೆಡಲ್ ಮರದಂತೆ ಗಟ್ಟಿಯಾಗಿರುತ್ತದೆ, ಸ್ಟಿಯರಿಂಗೂ ತಿರುಗುವುದಿಲ್ಲ. ಚಕ್ರಕ್ಕೆ ಕಲ್ಲು ಕೊಡದೆ ಈ ಕೆಲಸಕ್ಕೆ ಯಾರೂ ಕೈ ಹಾಕಬಾರದು. ಕೆಲವರು ಜಾಕ್ ಹಾಕಿ ಚಕ್ರ ಎತ್ತುವ ಸಲಹೆ ಕೊಡುತ್ತಾರೆ. ಸಮತಟ್ಟಾದ ನೆಲದಲ್ಲಿ ಅದು ಸರಿ, ಇಳಿಜಾರಿನಲ್ಲಿ ಖಂಡಿತ ಬೇಡ.

ಆಟೊಮ್ಯಾಟಿಕ್ ಕಾರಿನವರು ಇದನ್ನು ಓದುತ್ತಿದ್ದರೆ ಒಂದು ಮಾತು: ಕೀ ‘ಲಾಕ್’ಗೆ ಹಿಂದಿರುಗದೆ ಸಿಕ್ಕಿಕೊಂಡಿದ್ದರೆ ಗೇರ್ ಹಿಡಿ ‘ಪಿ’ಯಲ್ಲಿ (ಪಾರ್ಕ್) ಪೂರ್ತಿ ಕೂತಿದೆಯೇ ಎಂದು ಮೊದಲು ನೋಡಿ.

ಮರುಪ್ರಶ್ನೆ – ಮೂಡಿಗೆರೆ ತಾಲ್ಲೂಕಿನಿಂದ

ವಿವರಕ್ಕೆ ಧನ್ಯವಾದಗಳು. ಕಲ್ಲು ಕೊಟ್ಟು ಕಾರನ್ನು ಹಿಂದಕ್ಕೆ ನೂಕಿದೆವು. ಈಗ ಸ್ಟಿಯರಿಂಗ್ ಎರಡೂ ಕಡೆಗೆ ಸ್ವಲ್ಪ ಸ್ವಲ್ಪ ಆಡುತ್ತದೆ, ಬಿಗಿತ ಹೋಗಿದೆ. ಆದರೂ ದಿನನಿತ್ಯ ಬಳಸುವ ಕೀ ತಿರುಗಲಿಲ್ಲ. ಬೀರುವಿನಲ್ಲಿದ್ದ ಎರಡನೆಯ ಕೀಯನ್ನು ತಂದು ಹಾಕಿದಾಗ ಮೊದಲು ತುಸು ತಡೆದು, ಆಮೇಲೆ ತಿರುಗಿತು, ಕಾರು ಸ್ಟಾರ್ಟ್ ಆಯಿತು. ಹಾಗಾದರೆ ದೋಷ ಕೀಯದೋ ಬೀಗದ್ದೋ? ಹಳೆಯ ಕೀಯದ್ದೇ ಇನ್ನೊಂದು ನಕಲು ಮಾಡಿಸಿದರೆ ಸಾಕೇ?

ಉತ್ತರ – ಚಿಕ್ಕಮಗಳೂರಿನಿಂದ

ಹಳೆಯ ಕೀಯ ನಕಲು ಮಾಡಿಸಬೇಡಿ. ಇಗ್ನಿಷನ್ ಸಿಲಿಂಡರಿನ, ಅಂದರೆ ಕೀ ಹೊಕ್ಕು ತಿರುಗುವ ಬೀಗದ ಉರುಳೆಯ, ಒಳಗೆ ಸಾಲಾಗಿ ತೆಳುವಾದ ಹಿತ್ತಾಳೆಯ ತಗಡುಗಳಿರುತ್ತವೆ, ಬೀಗದ ಕೆಲಸದವರು ಅವನ್ನು ವೇಫರ್ ಎನ್ನುತ್ತಾರೆ. ಪ್ರತಿಯೊಂದು ತಗಡಿನ ಕೆಳಗೂ ಪುಟ್ಟ ಸ್ಪ್ರಿಂಗ್ ಇರುತ್ತದೆ. ಸರಿಯಾದ ಕೀ ಒಳಹೊಕ್ಕಾಗ ಅದರ ಹಲ್ಲುಗಳು ಎಲ್ಲ ತಗಡುಗಳನ್ನೂ ಒಂದೇ ಮಟ್ಟಕ್ಕೆ ತರುತ್ತವೆ, ಆಗ ಮಾತ್ರ ಸಿಲಿಂಡರ್ ತಿರುಗುತ್ತದೆ. ಒಂದೇ ಒಂದು ತಗಡು ಕೂದಲೆಳೆಯಷ್ಟು ಮೇಲೋ ಕೆಳಗೋ ನಿಂತರೂ ಬೀಗ ಹಿಡಿಯುತ್ತದೆ. ವರ್ಷಗಟ್ಟಲೆ ದಿನಕ್ಕೆ ಹಲವು ಬಾರಿ ಹಾಕಿ ತೆಗೆದ ಕೀಯ ಹಲ್ಲುಗಳು ಸವೆದಿರುತ್ತವೆ. ನಿಮ್ಮ ಎರಡೂ ಕೀಗಳನ್ನು ಒಂದರ ಮೇಲೊಂದು ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿ: ಬೀರುವಿನ ಕೀಯಲ್ಲಿ ಹಲ್ಲಿನ ಏಣು ಚೂಪಾಗಿದ್ದು ಉಗುರಿಗೆ ತಡೆಯುತ್ತದೆ, ದಿನಬಳಕೆಯದ್ದರಲ್ಲಿ ಅದೇ ಏಣು ದುಂಡಗಾಗಿ ಉಗುರು ಜಾರಿಹೋಗುತ್ತದೆ, ಎರಡರ ನಡುವೆ ಬೆಳಕಿನ ಸಣ್ಣ ಗೆರೆಯೂ ಕಾಣಬಹುದು. ನಕಲು ಯಂತ್ರ ತನಗೆ ಕೊಟ್ಟ ಕೀಯನ್ನೇ ಅನುಸರಿಸಿ ಕತ್ತರಿಸುತ್ತದೆ, ಹಾಗಾಗಿ ಸವಕಳಿಯೂ ಹೊಸ ಕೀಗೆ ಇಳಿದು ಬರುತ್ತದೆ.

ಕಾರು ಕೊಂಡಾಗ ಕೀ ಗೊಂಚಲಿನ ಜೊತೆ ಅಂಕಿಗಳನ್ನು ಕೊರೆದ ಚಿಕ್ಕ ಲೋಹದ ಬಿಲ್ಲೆ ಕೊಟ್ಟಿರುತ್ತಾರೆ. ಅದು ಕೀಯ ಸಂಕೇತ ಸಂಖ್ಯೆ. ಅದರಿಂದ ಕಾರ್ಖಾನೆಯ ಮೂಲ ಅಳತೆಗೆ ಸರಿಯಾಗಿ ಹೊಸ ಕೀ ಕತ್ತರಿಸಬಹುದು. ಬಿಲ್ಲೆ ಸಿಗದಿದ್ದರೆ ಬೀರುವಿನ ಕೀಯನ್ನೇ ಮಾದರಿಯಾಗಿ ಕೊಡಿ, ಜೊತೆಗೆ ಆರ್‌ಸಿ ಮತ್ತು ಗುರುತಿನ ಚೀಟಿ ಒಯ್ಯಿರಿ. ಅವನ್ನು ಕೇಳದೆ ಕಾರಿನ ಕೀ ಮಾಡಿಕೊಡುವ ಅಂಗಡಿಯ ಹತ್ತಿರ ಹೋಗದಿರುವುದೇ ಕ್ಷೇಮ.

ಆದರೆ ಬೀರುವಿನ ಕೀಯೂ ತುಸು ತಡೆಯಿತು ಎಂದಿದ್ದೀರಿ. ಬೀಗವೂ ಪೂರ್ತಿ ನಿರ್ದೋಷಿಯಲ್ಲ ಎಂದು ಇದರಿಂದ ತಿಳಿಯುತ್ತದೆ. ಮಳೆಗಾಲದ ತೇವ, ತೋಟದ ರಸ್ತೆಯ ಕೆಮ್ಮಣ್ಣಿನ ಧೂಳು, ಜೇಬಿನ ನೂಲಿನ ಎಳೆ ಇವೆಲ್ಲ ಕೀಯ ಜೊತೆಗೇ ಒಳಹೋಗಿ ಸ್ಪ್ರಿಂಗುಗಳ ಸುತ್ತ ಗಟ್ಟಿಯಾಗುತ್ತವೆ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಟ್ಟು, ವಿದ್ಯುತ್ ಸಂಪರ್ಕಗಳನ್ನು ಶುಚಿಗೊಳಿಸುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯನ್ನು ರಂಧ್ರಕ್ಕೆ ಹಾಯಿಸಿ, ಕೀಯನ್ನು ಹಲವು ಬಾರಿ ಒಳಗೂ ಹೊರಗೂ ಆಡಿಸಿ, ಪ್ರತಿ ಬಾರಿಯೂ ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ ಇದನ್ನು ಮಾಡಬೇಕು. ಚೆನ್ನಾಗಿ ಒಣಗಿದ ಮೇಲೆ ಒಣ ಪಿಟಿಎಫ್‌ಇ (ಟೆಫ್ಲಾನ್) ಸ್ಪ್ರೇ ಅಥವಾ ಚಿಟಿಕೆಯಷ್ಟು ಗ್ರಾಫೈಟ್ ಪುಡಿ ಸಾಕು. ಗ್ರಾಫೈಟ್ ವಿದ್ಯುತ್ತನ್ನು ಹರಿಯಗೊಡುವ ವಸ್ತು, ಸಿಲಿಂಡರಿನ ಹಿಂಬದಿಯಲ್ಲೇ ಇಗ್ನಿಷನ್ ಸ್ವಿಚ್ ಇರುತ್ತದೆ, ಆದ್ದರಿಂದ ತುಂಬಿಸಬಾರದು.

ಪ್ರತಿಕ್ರಿಯೆ – ಸಕಲೇಶಪುರದಿಂದ

ಇದೇ ವಿಷಯಕ್ಕೆ ಸೇರಿದ ಮೂರು ಸಂದೇಹಗಳಿವೆ. ನಮ್ಮ ಮನೆಯಲ್ಲಿ ಬೀಗ ಬಿಗಿಯಾದರೆ ಕೊಬ್ಬರಿ ಎಣ್ಣೆ ಬಿಡುವುದು ರೂಢಿ. ಕಾರಿನ ಬೀಗಕ್ಕೂ ಅದು ಆಗುತ್ತದೆಯೇ? ಎರಡನೆಯದಾಗಿ, ಮಾಡಿಸಿದ ನಕಲು ಕೀಯೊಂದು ಸಲೀಸಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹೊತ್ತಿಕೊಳ್ಳುವುದಿಲ್ಲ, ಮೀಟರಿನಲ್ಲಿ ಕೀಯ ಚಿತ್ರವಿರುವ ದೀಪ ಮಿನುಗುತ್ತದೆ. ಮೂರನೆಯದು ನನಗೆ ಹೆಚ್ಚು ಆತಂಕ ತಂದಿದೆ: ನಮ್ಮ ಹಳೆಯ ವಾಹನದಲ್ಲಿ ಎಂಜಿನ್ ಓಡುತ್ತಿರುವಾಗಲೇ ಕೀಯನ್ನು ಎಳೆದರೆ ಹೊರಗೆ ಬರುತ್ತದೆ. ತಿರುಗದ ಕೀಗಿಂತ ಇದು ಪರವಾಗಿಲ್ಲ ಎಂದು ಮನೆಯವರು ಹೇಳುತ್ತಾರೆ.

ಉತ್ತರ – ಹಾಸನದಿಂದ

ಮೂರನೆಯದನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಅದು ಖಂಡಿತ ಪರವಾಗಿಲ್ಲ ಎನ್ನುವಂಥದ್ದಲ್ಲ. ಕೀಯನ್ನು ‘ಆನ್’ ಸ್ಥಾನದಲ್ಲಿ ಹಿಡಿದಿಡಬೇಕಾದ ತಗಡುಗಳು ಅಷ್ಟು ಸವೆದಿವೆ ಎಂದು ಅದರ ಅರ್ಥ. ಓಡುವ ಕಾರಿನಲ್ಲಿ ಎಂಜಿನ್ ನಿಂತರೆ ಸ್ಟಿಯರಿಂಗ್ ಭಾರವಾಗುತ್ತದೆ, ಬ್ರೇಕಿನ ನೆರವು ಒಂದೆರಡು ಒತ್ತಿಗೆ ಮುಗಿಯುತ್ತದೆ. ಸಿಲಿಂಡರ್ ‘ಲಾಕ್’ವರೆಗೆ ಸರಿದುಬಿಟ್ಟರೆ ಸ್ಟಿಯರಿಂಗೇ ಬೀಗ ಬೀಳುತ್ತದೆ. ಶಿರಾಡಿಯಲ್ಲೋ ಚಾರ್ಮಾಡಿಯ ತಿರುವಿನಲ್ಲೋ ಹಾಗಾದರೆ ಏನಾದೀತು ಎಂಬುದನ್ನು ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಇಂಧನ ಉಳಿಸಲು ಘಾಟಿ ಇಳಿಯುವಾಗ ಎಂಜಿನ್ ಬಂದ್ ಮಾಡುವವರು ಈಗಲೂ ಇದ್ದಾರೆ, ಅವರಿಗೂ ಇದೇ ಮಾತು. 2014ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿ ಸುಮಾರು 26 ಲಕ್ಷ ಸಣ್ಣ ಕಾರುಗಳನ್ನು ವಾಪಸು ಕರೆಸಿಕೊಂಡದ್ದು ಇಗ್ನಿಷನ್ ಸ್ವಿಚ್ಚಿನ ಸಡಿಲತೆಗಾಗಿಯೇ. ಗೊಂಚಲಿನ ಭಾರಕ್ಕೋ ರಸ್ತೆಯ ಕುಲುಕಾಟಕ್ಕೋ ಕೀ ತಾನಾಗಿ ಹಿಂದೆ ಸರಿದು ಎಂಜಿನ್ ನಿಲ್ಲುತ್ತಿತ್ತು, ಅಪಘಾತವಾದಾಗ ಏರ್‌ಬ್ಯಾಗ್ ಕೂಡ ತೆರೆದುಕೊಳ್ಳುತ್ತಿರಲಿಲ್ಲ. ನಿಮ್ಮ ವಾಹನದ ಸಿಲಿಂಡರನ್ನು ತಡಮಾಡದೆ ಬದಲಿಸಿ. ಅಲ್ಲಿಯವರೆಗೆ ಅದನ್ನು ಘಾಟಿಗೆ ಇಳಿಸಬೇಡಿ.

ಕೊಬ್ಬರಿ ಎಣ್ಣೆ ಬೇಡ. ನಮ್ಮ ಚಳಿಗಾಲದ ಬೆಳಗಿನಲ್ಲಿ ಅದು ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ, ಬೀಗದೊಳಗೂ ಹಾಗೆಯೇ ಆಗುತ್ತದೆ. ಎಂಜಿನ್ ಆಯಿಲ್ ಮತ್ತು ಗ್ರೀಸ್ ಧೂಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಡಬ್ಲ್ಯುಡಿ-40 ಸ್ಪ್ರೇ ತಾತ್ಕಾಲಿಕವಾಗಿ ಬಿಡಿಸಬಲ್ಲದು, ಆದರೆ ಅದೂ ಜಿಡ್ಡಿನ ತೆಳು ಪದರ ಉಳಿಸುತ್ತದೆ, ಅದರ ಮೇಲೆ ಗ್ರಾಫೈಟ್ ಹಾಕಿದರೆ ಕಪ್ಪು ಕೆಸರಾಗುತ್ತದೆ. ಆಯುಧಪೂಜೆಯ ಮರುದಿನ ಕೀ ಬಿಗಿಯಾಯಿತು ಎಂದು ಬರುವವರೂ ಇದ್ದಾರೆ: ಕೀಗೆ ಹಚ್ಚಿದ ಗಂಧ, ಕುಂಕುಮ ಹಾಗೆಯೇ ರಂಧ್ರದೊಳಗೆ ಹೋಗಿರುತ್ತದೆ. ಕುಂಕುಮವನ್ನು ಕೀಯ ಪ್ಲಾಸ್ಟಿಕ್ ತಲೆಗೆ ಇಡಿ, ಹಲ್ಲಿಗೆ ಬೇಡ.

ನಕಲು ಕೀಯ ವಿಷಯ ಸರಳ. ತಿರುಗುವುದು ಹಲ್ಲಿನ ಕೆಲಸ, ಹೊತ್ತಿಕೊಳ್ಳುವುದು ಕೀಯ ತಲೆಯೊಳಗಿನ ಇಮೊಬಿಲೈಜರ್ ಚಿಪ್ಪಿನ ಕೆಲಸ; ಅದನ್ನು ಗುರುತಿಸಿದರೆ ಮಾತ್ರ ಕಾರು ಎಂಜಿನ್ ಹೊತ್ತಿಕೊಳ್ಳಲು ಬಿಡುತ್ತದೆ. ನಿಮ್ಮ ನಕಲಿನಲ್ಲಿ ಚಿಪ್ ಇಲ್ಲ, ಅಥವಾ ಅದನ್ನು ಕಾರಿಗೆ ಪರಿಚಯಿಸಿಲ್ಲ.

ಫಲಿತಾಂಶ – ಮೂಡಿಗೆರೆ ತಾಲ್ಲೂಕಿನಿಂದ

ಬಿಲ್ಲೆ ಹಳೆಯ ಕಾಗದಪತ್ರಗಳ ಲಕೋಟೆಯಲ್ಲಿ ಸಿಕ್ಕಿತು. ಅದರ ಸಂಖ್ಯೆಯಿಂದ ಕತ್ತರಿಸಿದ ಹೊಸ ಕೀಗೆ ಹಳೆಯ ಕೀಯ ಚಿಪ್ಪನ್ನೇ ತೆಗೆದು ಕೂರಿಸಿಕೊಟ್ಟರು, ಹಾಗಾಗಿ ಕಾರಿಗೆ ಮತ್ತೆ ಪರಿಚಯಿಸುವ ಅಗತ್ಯ ಬೀಳಲಿಲ್ಲ. ಸಿಲಿಂಡರನ್ನು ಶುಚಿಗೊಳಿಸುವಾಗ ಬಟ್ಟೆಗೆ ಮೊದಲು ಕಪ್ಪು, ಆಮೇಲೆ ಇಟ್ಟಿಗೆಯ ಬಣ್ಣದ ಕೊಳೆ ಬಂತು. ಈಗ ಕೀ ಎರಡು ಬೆರಳಿಗೆ ತಿರುಗುತ್ತದೆ. ಮುಂದೆ ಸಿಲಿಂಡರನ್ನೇ ಬದಲಿಸಬೇಕಾಗಿ ಬಂದರೆ ಏನು ಗಮನಿಸಬೇಕು? ಇಳಿಜಾರಿನಲ್ಲಿ ಚಕ್ರ ತಿರುಗಿಸಿ ನಿಲ್ಲಿಸುವುದನ್ನೇ ಬಿಡಬೇಕೇ?

ಉತ್ತರ – ಹಾಸನದಿಂದ

ಬಿಡಬಾರದು, ಅದು ಸರಿಯಾದ ಅಭ್ಯಾಸವೇ. ಕ್ರಮವನ್ನು ಮಾತ್ರ ಹೀಗೆ ಇಟ್ಟುಕೊಳ್ಳಿ: ಕಾರು ನಿಂತ ಮೇಲೆ ಕಾಲು ಬ್ರೇಕಿನ ಮೇಲಿರುವಾಗಲೇ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ, ನಿಧಾನವಾಗಿ ಕಾಲು ತೆಗೆದು ಕಾರಿನ ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕೂರಲು ಬಿಡಿ, ಸ್ಟಿಯರಿಂಗನ್ನು ಕೊನೆಯ ಅಂಚಿನಿಂದ ತುಸು ಹಿಂದಕ್ಕೆ ಸಡಿಲಿಸಿ, ಆಮೇಲೆ ಎಂಜಿನ್ ನಿಲ್ಲಿಸಿ ಗೇರಿಗೆ ಹಾಕಿ ಕೀ ತೆಗೆಯಿರಿ.

ಸಿಲಿಂಡರ್ ಬದಲಿಸುವ ಮಾತಿಗೆ ಬಂದರೆ, ಅನೇಕ ಕಾರುಗಳಲ್ಲಿ ಕೀ ‘ಎಸಿಸಿ’ ಸ್ಥಾನದಲ್ಲಿದ್ದಾಗ (ಎಂಜಿನ್ ಓಡದೆ ರೇಡಿಯೊದಂಥವು ಮಾತ್ರ ನಡೆಯುವ ಸ್ಥಾನ) ಮಾತ್ರ ಅದು ಸುಲಭವಾಗಿ ಹೊರಬರುತ್ತದೆ. ಕೀ ತಿರುಗುವುದು ಪೂರ್ತಿ ನಿಂತುಹೋದ ಮೇಲೆ ಕೊರೆದು ತೆಗೆಯಬೇಕಾಗುತ್ತದೆ, ಖರ್ಚೂ ಹೆಚ್ಚು. ಆದ್ದರಿಂದ ಮತ್ತೆ ಅಲುಗಾಡಿಸಿ ತಿರುಗಿಸುವ ಸ್ಥಿತಿ ಬಂದರೆ ಕಾಯಬೇಡಿ. ಸ್ಟಿಯರಿಂಗಿನಲ್ಲಿ ಏರ್‌ಬ್ಯಾಗ್ ಇರುವುದರಿಂದ ಬ್ಯಾಟರಿ ಬಿಚ್ಚದೆ ಆ ಭಾಗವನ್ನು ತೆರೆಯಗೊಡಬೇಡಿ. ಹಳೆಯ ತಗಡುಗಳನ್ನು ಬದಲಿಸಿ ನಿಮ್ಮ ಈಗಿನ ಕೀಗೇ ಹೊಂದಿಸಿಕೊಡಲು ಸಾಧ್ಯವೇ ಎಂದು ಕೇಳಿ, ಇಲ್ಲದಿದ್ದರೆ ಬಾಗಿಲಿಗೊಂದು, ಇಗ್ನಿಷನ್ನಿಗೊಂದು ಕೀ ಇಟ್ಟುಕೊಳ್ಳಬೇಕಾದೀತು. ಸವೆದ ಆ ಹಳೆಯ ಕೀಯನ್ನು ಎಸೆಯದೆ ಜೋಪಾನವಾಗಿಡಿ. ಕಾರು ಕಳುವಾದ ಸಂದರ್ಭದಲ್ಲಿ ವಿಮಾ ಕಂಪನಿಗಳು ಮೂಲ ಕೀಗಳೆರಡನ್ನೂ ಕೇಳುತ್ತವೆ.