ಹಿತಕವರೆ ಸಾರು: ಬೇಳೆ ಗಂಜಿಯಾಗದಂತೆ ಬೇಯಿಸುವುದು ಹೇಗೆ?

ಪ್ರಶ್ನೆ: ಸಂಕ್ರಾಂತಿಗೆ ಆರು ಜನಕ್ಕೆ ಹಿತಕವರೆ (ನೆನೆಸಿ, ಸಿಪ್ಪೆ ಹಿಸುಕಿ ತೆಗೆದ ಅವರೆಬೇಳೆ) ಸಾರು ಆಗಬೇಕು. ಕುಕ್ಕರಿನಲ್ಲಿ ಒಂದೇ ವಿಷಲ್‌ಗೆ ಬೇಳೆ ಒಡೆದುಹೋಗುತ್ತೆ. ಕಾಯಿ ಎಷ್ಟು ತರಬೇಕು?

ಉತ್ತರ 1: 2 ಕೆ.ಜಿ. ಸೊಗಡವರೆ (ಘಮವಿರುವ ಅವರೆಕಾಯಿ) ಸಾಕು. ಸಿಪ್ಪೆ ಜಿಗುಟಾಗಿ, ಮುಟ್ಟಿದ ಕೈ ಘಮ್ಮೆನ್ನಬೇಕು. ಕಾಳು ರಾತ್ರಿಯಿಡೀ ನೆನೆಸಿ. ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹಾರಬೇಕು. ಹಾರದಿದ್ದರೆ ನೆನೆದಿಲ್ಲ ಅಂತ. ಇನ್ನು ಕುಕ್ಕರ್ ಬೇಡವೇ ಬೇಡ. ಕುದಿಯುವ ನೀರಿಗೆ ಬೇಳೆ ಹಾಕಿ, ಸಣ್ಣ ಉರಿಯಲ್ಲಿ 10–12 ನಿಮಿಷ. ಹಿಸುಕಿದರೆ ಮೆತ್ತಗಿರಬೇಕು, ಆಕಾರ ಹೋಗಿರಬಾರದು.

ಉತ್ತರ 2: ಹುಣಿಸೆರಸ ಹಾಕುವುದು ಬೇಳೆ ಬೆಂದ ಮೇಲೆಯೇ. ಮೊದಲೇ ಹಾಕಿದರೆ ಹುಳಿಗೆ ಬೇಳೆ ಗಟ್ಟಿಯಾಗಿ ಉಳಿಯುತ್ತೆ. ಮಸಾಲೆಗೆ ಅರ್ಧ ಹೋಳು ತೆಂಗಿನಕಾಯಿ, ಹುರಿದ ಈರುಳ್ಳಿ 1, ಬೆಳ್ಳುಳ್ಳಿ 6 ಎಸಳು, ಸಾರಿನ ಪುಡಿ 3 ಚಮಚ, ಚಕ್ಕೆ ಚೂರು, ಲವಂಗ 2. ಹುರಿಗಡಲೆ 1 ಚಮಚ ಮೀರಬೇಡಿ, ಆರಿದ ಮೇಲೆ ಸಾರು ಮುದ್ದೆಯಾಗುತ್ತೆ. ರುಬ್ಬಿದ್ದನ್ನು ಎಣ್ಣೆ ಬಿಡುವವರೆಗೆ ಬಾಡಿಸಿಯೇ ಬೇಳೆಗೆ ಸೇರಿಸಿ.

ಉತ್ತರ 3: ಮಾರ್ಕೆಟ್ಟಲ್ಲಿ ಹಿತಕಿದ ಬೇಳೆಯೇ ಸಿಗುತ್ತೆ, ಆದರೆ ಮೂಸಿ ನೋಡಿ. ನೀರಲ್ಲೇ ಬಿದ್ದಿದ್ದರೆ ಹುಳಿವಾಸನೆ ಬಂದಿರುತ್ತೆ. ಒಗ್ಗರಣೆಗೆ ಇಂಗು ಮರೆಯಬೇಡಿ.