ಅಪ್‌ಡೇಟ್: ಹಳೇ ಹಾಯಿದೋಣಿ ಕೊನೆಗೂ ಸಿಕ್ಕಿತು

ಮೂರು ವಾರದ ಹಿಂದೆ ಕೇಳಿದ್ದೆ: ಹಾಸನದವನು, ಗೊರೂರಿನ ಹೇಮಾವತಿ ಹಿನ್ನೀರಲ್ಲಿ ಓಡಿಸೋಕೆ ಹಳೇ ಹಾಯಿದೋಣಿ ಬೇಕು, ಕೈಯಲ್ಲಿರೋದು 80 ಸಾವಿರ, ಏನು ನೋಡಿ ಕೊಳ್ಳಲಿ ಅಂತ. ದೋಣಿ ಬಂತು! ಚೆನ್ನೈನಿಂದ, ಒಂದು ಲೇಸರ್ (ಒಬ್ಬರೇ ಓಡಿಸುವ ಸಣ್ಣ ಫೈಬರ್ ಹಾಯಿದೋಣಿ).

ಕೆಲಸಕ್ಕೆ ಬಂದಿದ್ದು ‘ತೂಕ ಹಾಕಿ ನೋಡಿ’ ಅಂದವರ ಮಾತು. ಲೇಸರ್‌ನ ಒಡಲು ಸುಮಾರು 59 ಕೆಜಿ ಇರಬೇಕು. ತುಂಬಾ ಜಾಸ್ತಿ ತೂಗಿದರೆ ಒಳಗೆ ನೀರು ಕುಡಿದಿದೆ ಅಂತ ಅರ್ಥ. ಸಕಲೇಶಪುರದ ಭಾವನ ಹತ್ತಿರ ಕಾಫಿ ಮೂಟೆ ತೂಗುವ ಕೊಕ್ಕೆ ತಕ್ಕಡಿ ಇತ್ತು, ಅದನ್ನೇ ಬ್ಯಾಗಿಗೆ ಹಾಕಿಕೊಂಡು ಹೋದೆ. ಮೊದಲನೇ ದೋಣಿ ಹೊಸ ಬಣ್ಣ ಬಳಿದುಕೊಂಡು ಮದುಮಗನ ಹಾಗೆ ನಿಂತಿತ್ತು. ತೂಗಿದರೆ 73! ಮಾರುವವರ ಮುಖ ನೋಡಬೇಕಿತ್ತು. ಎರಡನೆಯದು ಮೈತುಂಬ ಗೀರು, ಆದರೆ 61. ನಾಣ್ಯದಿಂದ ತಟ್ಟಿದೆ, ಎಲ್ಲ ಕಡೆ ಟಣ್ ಟಣ್ (ಒಳಗೆ ಮೆತ್ತಗಾಗಿದ್ದರೆ ಮಂದ ಸದ್ದು ಬರುತ್ತೆ). ಹಾಯಿಯ ಕಂಬ ನಿಲ್ಲಿಸುವ ಗುಂಡಿ ಸೋರುತ್ತಾ ನೋಡೋಕೆ ಅದಕ್ಕೆ ನೀರು ತುಂಬಿಸಿ ಅರ್ಧ ಗಂಟೆ ಕಾದೆ, ಒಂದು ಚೂರೂ ಇಳಿಯಲಿಲ್ಲ. ತಗೊಂಡೆ.

ಮರದ ದೋಣಿ ಅಗ್ಗ ಅಂದವರೇ, ಕ್ಷಮಿಸಿ. ಒಂದು ನೋಡಿದೆ. ತಳಕ್ಕೆ ಕೀಲಿಕೈ ಒತ್ತಿದರೆ ಹಲಸಿನ ಹಣ್ಣಿಗೆ ಇಳಿದ ಹಾಗೆ ಇಳಿಯಿತು.

ನನಗೆ ಗೊತ್ತೇ ಇಲ್ಲದ್ದು ಹಾಯಿಯ ವಿಷಯ. ಅದರ ಬಟ್ಟೆ, ಒಗೆದ ಪಂಚೆಯಂತೆ ಮೆತ್ತಗಾಗಿದ್ದರೆ ಆಕಾರ ನಿಲ್ಲಲ್ಲ, ಬೇರೆಯದೇ ಬೇಕು. ದೋಣಿಗೆ 55 ಸಾವಿರ, ಹಾಯಿಗೆ 14, ಪಿಕಪ್ ಬಾಡಿಗೆ 17. ಬಜೆಟ್ 6 ಸಾವಿರ ದಾಟಿತು, ಮನೇಲಿ ಇನ್ನೂ ಹೇಳಿಲ್ಲ.

ನೀರಿಗಿಳಿಸಲು ಅನುಮತಿಗೆ ಅರ್ಜಿ ಕೊಟ್ಟಿದ್ದೇನೆ. ಅಲ್ಲಿಯವರೆಗೆ ದೋಣಿ ಕೊಟ್ಟಿಗೆಯಲ್ಲಿ, ಹಸುವಿನ ಪಕ್ಕ.