ಪದಚರ್ಚೆ: ‘ಇನ್‌ಸ್ಟಿಂಕ್ಟ್’ಗೆ ‘ಹುಟ್ಟುಗುಣ’ ಅಂದರೆ ಆಗುತ್ತಾ?

ಎಲ್ಲರಿಗೂ ನಮಸ್ಕಾರ.

ಮನಶ್ಶಾಸ್ತ್ರದ ಚರಿತ್ರೆಯ ಬಗ್ಗೆ ಬರೆಯುತ್ತಿದ್ದೇನೆ. ‘ಇನ್‌ಸ್ಟಿಂಕ್ಟ್’ ಹತ್ತಿರ ಬಂದು ಸಿಕ್ಕಿಹಾಕಿಕೊಂಡಿದ್ದೇನೆ. ಯಾರೂ ಕಲಿಸದೆ ಹುಟ್ಟಿನಿಂದಲೇ ಬರುವ ನಡವಳಿಕೆ ಅಂತ ಅದರ ಅರ್ಥ. ಪಠ್ಯಗಳಲ್ಲಿ ‘ಸಹಜ ಪ್ರವೃತ್ತಿ’ ಅಂತ ಇರುತ್ತದೆ. ತಪ್ಪೇನಿಲ್ಲ. ಆದರೆ ಈಗ ಕುಡಿತಕ್ಕೂ ‘ಪ್ರವೃತ್ತಿ’, ಲಂಚಕ್ಕೂ ‘ಪ್ರವೃತ್ತಿ’. ಗೆಳೆಯರೊಬ್ಬರು ‘ಹುಟ್ಟುಗುಣ’ ಅಂತ ಹಾಕಿ ಅಂದರು. ಕಿವಿಗೆ ಚೆನ್ನಾಗಿದೆ, ಮನಸ್ಸು ಒಪ್ಪುತ್ತಿಲ್ಲ.

ಹುಟ್ಟುಗುಣ ಅಂದರೆ ನಮ್ಮಲ್ಲಿ ಒಬ್ಬ ವ್ಯಕ್ತಿಯ ಗುಣ. ಯಾರನ್ನೋ ಬೈಯುವಾಗಲೇ ಆ ಮಾತು ಜಾಸ್ತಿ ಬರುವುದು. ಇನ್‌ಸ್ಟಿಂಕ್ಟ್ ಇಡೀ ಪ್ರಾಣಿಜಾತಿಗೆ ಸೇರಿದ್ದು. ಜೇಡ ಬಲೆ ನೇಯ್ದರೆ ‘ಪಾಪ, ಅದರ ಹುಟ್ಟುಗುಣ’ ಅನ್ನುತ್ತೇವೆಯೇ? ‘ಮೀನಿನ ಮರಿಗೆ ಈಜು ಕಲಿಸಬೇಕೇ’ ಅನ್ನುವ ಗಾದೆ ಇದಕ್ಕೆ ಹತ್ತಿರ. ಆದರೆ ಅದರಿಂದ ಪದ ಹುಟ್ಟುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ‘ಸುಟ್ಟರೂ ಹೋಗದು’ ಅನ್ನುವ ಬಾಲ. ಮನಶ್ಶಾಸ್ತ್ರಜ್ಞರ ಜಗಳವೇ ಅದರ ಮೇಲೆ! 1890ರಲ್ಲಿ ಅಮೆರಿಕದ ವಿಲಿಯಂ ಜೇಮ್ಸ್, ಮನುಷ್ಯನಿಗೆ ಉಳಿದ ಪ್ರಾಣಿಗಳಿಗಿಂತ ಇನ್‌ಸ್ಟಿಂಕ್ಟ್ ಜಾಸ್ತಿಯೇ ಎಂದರು. ಆದರೆ ನೆನಪಿರುವ ಪ್ರಾಣಿಯಲ್ಲಿ ಅದು ಕುರುಡಾಗಿ ಉಳಿಯುವುದಿಲ್ಲ, ಅಭ್ಯಾಸ ಅದನ್ನು ತಿದ್ದುತ್ತದೆ ಎಂದೂ ಹೇಳಿದರು. ಅಂದರೆ ಸುಡದೆಯೂ ಹೋಗಬಹುದು. 1908ರಲ್ಲಿ ಬ್ರಿಟನ್ನಿನ ಮ್ಯಾಕ್‌ಡೂಗಲ್ ಒಂದೊಂದು ಇನ್‌ಸ್ಟಿಂಕ್ಟ್‌ಗೂ ಒಂದೊಂದು ಭಾವ ಜೋಡಿಸಿದರು: ಓಡಿಹೋಗುವುದಕ್ಕೆ ಭಯ, ಕಾದಾಡುವುದಕ್ಕೆ ಸಿಟ್ಟು. ಆಮೇಲೆ ಕಂಡಕಂಡದ್ದಕ್ಕೆಲ್ಲ ಇನ್‌ಸ್ಟಿಂಕ್ಟ್ ಅಂತ ಹೆಸರಿಡುವ ಚಾಳಿ ಬೆಳೆಯಿತು. ಹೆಸರಿಟ್ಟ ಮಾತ್ರಕ್ಕೆ ಕಾರಣ ಹೇಳಿದಂತಾಯಿತೇ?

ಚೀನಾದ ಕುವೋ ರೇಗಿದ್ದು ಇದಕ್ಕೇ. ಈ ಪದವನ್ನೇ ಕೈಬಿಡೋಣ ಎಂದು 1921ರಲ್ಲಿ ಬರೆದರು. ಮುಂದೆ ಬೆಕ್ಕಿನ ಮರಿಗಳನ್ನು ಇಲಿಗಳ ಜೊತೆಗೇ ಬೆಳೆಸಿ ನೋಡಿದರು. ಅವುಗಳಲ್ಲಿ ಬಹುಪಾಲು ಇಲಿ ಕೊಲ್ಲುವ ಗೋಜಿಗೇ ಹೋಗಲಿಲ್ಲ. ತಾಯಿ ಇಲಿ ಕೊಲ್ಲುವುದನ್ನು ಕಂಡು ಬೆಳೆದವು ಹೆಚ್ಚಾಗಿ ಕೊಂದವು. 1930ರಲ್ಲಿ ಇದು ಪ್ರಕಟವಾಯಿತು. ಅಮೆರಿಕದ ವಾಟ್ಸನ್ ಅವರದು ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಪಕ್ಷ. ಹನ್ನೆರಡು ಆರೋಗ್ಯವಂತ ಕೂಸುಗಳನ್ನು ಕೊಡಿ, ಡಾಕ್ಟರೋ ವಕೀಲನೋ ಕಳ್ಳನೋ, ಬೇಕಾದ್ದು ಮಾಡಿಕೊಡುತ್ತೇನೆ ಅಂದವರು. (ಇದು ನನ್ನ ಪುರಾವೆ ಮೀರಿದ ಮಾತು ಎಂದು ಅಲ್ಲೇ ಒಪ್ಪಿಕೊಂಡಿದ್ದರು. ಆ ಸಾಲನ್ನು ಮಾತ್ರ ಜನ ಸುಮ್ನೆ ಬಿಟ್ಟುಬಿಡುತ್ತಾರೆ.)

ಇಂಥವರು ಅಲ್ಲಗಳೆದದ್ದು ‘ಹುಟ್ಟುಗುಣ’ವನ್ನು ಅಂತ ಬರೆದರೆ, ಓದುವವರು ಗಾದೆ ನೆನೆದು ಅಲ್ಲೇ ನಕ್ಕುಬಿಡುತ್ತಾರೆ, ಅಲ್ವಾ?

‘ಹುಟ್ಟರಿವು’ ಅಂತಲೂ ಕೆಲವರು ಬರೆಯುತ್ತಾರೆ. ಆದರೆ ಮೊಟ್ಟೆಯೊಡೆದು ಬಂದ ಮರಿ ಕಾಳು ಕುಕ್ಕುವುದರಲ್ಲಿ ಅರಿವು ಎಲ್ಲಿದೆ? ಸದ್ಯಕ್ಕೆ ‘ಹುಟ್ಟುನಡೆ’ ಅಂತ ಇಟ್ಟುಕೊಂಡಿದ್ದೇನೆ. ಅದರಲ್ಲಿ ಮ್ಯಾಕ್‌ಡೂಗಲ್ ಹೇಳುವ ಭಯ, ಸಿಟ್ಟು ಹೊರಗೇ ಉಳಿಯುತ್ತವೆ.

ದನಕರು ಸಾಕುವವರು ಈ ಬಳಗದಲ್ಲಿ ಇದ್ದೀರಿ. ಆಗತಾನೇ ಹುಟ್ಟಿದ ಕರು ಎದ್ದು ಕೆಚ್ಚಲು ಹುಡುಕುತ್ತದಲ್ಲ, ಅದಕ್ಕೆ ನಿಮ್ಮ ಕಡೆ ಏನಾದರೂ ಮಾತು ಇದೆಯೇ? ‘ತಾನಾಗೇ ಬರುತ್ತೆ’ ಅನ್ನುವುದು ಬಿಟ್ಟು ಬೇರೆ ಇದ್ದರೆ ತಿಳಿಸಿ.